ಲಿವರ್ ಪ್ರಾಬ್ಲಮ್ ಅನ್ನೋ ಕಾಯಿಲೆ ಇಲ್ಲ

ಮೊದಲೇ ಹೇಳಿಬಿಡ್ತೀನಿ. "ಲಿವರ್ ಪ್ರಾಬ್ಲಮ್" ಅನ್ನೋ ಹೆಸರಿನ ಕಾಯಿಲೆ ವೈದ್ಯಶಾಸ್ತ್ರದ ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಯಾವ ಊರಿಗೆ ಹೋಗಿ ಕೇಳಿದರೂ ಅದರಿಂದ ಸತ್ತವರ ಒಂದೆರಡು ಹೆಸರು ಸಿಗುತ್ತೆ. "ಏನಾಗಿತ್ತಂತೆ?" "ಲಿವರ್ ಪ್ರಾಬ್ಲಮ್ ಅಂತೆ, ರಕ್ತ ಕಾರಿದ್ರಂತೆ." ಮುಗೀತು. ತಿಥಿ ಊಟಕ್ಕೆ ಕೂತವರು ಅಷ್ಟಕ್ಕೇ ಅರ್ಥ ಮಾಡಿಕೊಂಡು ತಲೆ ಆಡಿಸುತ್ತಾರೆ. ಊರಿನವರು ಹಾಗೆ ಹೇಳಿದರೆ ನನಗೇನೂ ತಕರಾರಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯೂ ಹೆಚ್ಚುಕಮ್ಮಿ ಅಷ್ಟನ್ನೇ ಹೇಳುತ್ತಲ್ಲ, ತಕರಾರು ಅದರ ಬಗ್ಗೆ.

ನಾನು ಹೊನ್ನಾಳಿ ತಾಲ್ಲೂಕಿನವನು. ಓದಿದ್ದು ದಾವಣಗೆರೆಯಲ್ಲಿ, ಬಿ.ಫಾರ್ಮಾ. ಹೊಟ್ಟೆಪಾಡಿಗೆ ಬೆಂಗಳೂರಿನಲ್ಲಿ ಮೆಡಿಕಲ್ ಕೋಡರ್. ಹೆಣ್ಣು ನೋಡೋಕೆ ಹೋದಾಗ "ಹುಡುಗ ಕೋಡಿಂಗ್ ಮಾಡ್ತಾನೆ" ಅಂದರೆ ಎಲ್ಲರೂ ಸಾಫ್ಟ್‌ವೇರ್ ಅಂದ್ಕೋತಾರೆ, ನಮ್ಮ ಮನೆಯಲ್ಲೂ ಯಾರೂ ತಿದ್ದೋಕೆ ಹೋಗಿಲ್ಲ. ನಿಜವಾದ ಕೆಲಸ ಇಷ್ಟು: ಅಮೆರಿಕದ ಡಾಕ್ಟರು ರೋಗಿಯ ಬಗ್ಗೆ ಬರೆದದ್ದನ್ನು ಓದಿ, ಪ್ರತಿ ಕಾಯಿಲೆಯನ್ನೂ ಒಂದು ಸಂಖ್ಯೆಗೆ ಇಳಿಸೋದು. ಆ ಸಂಖ್ಯೆ ನೋಡಿ ಅಲ್ಲಿನ ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡುತ್ತೆ. ನನ್ನ ಟೀಮ್ ಹೆಚ್ಚಾಗಿ ನೋಡೋದು ಹೊಟ್ಟೆ ಮತ್ತು ಲಿವರ್ ಕೇಸುಗಳನ್ನ. ಹಾಗಾಗಿ ಪೋರ್ಟಲ್ ಹೈಪರ್‌ಟೆನ್ಷನ್ ಅನ್ನೋ ಪದ ನನಗೆ ದಿನಾ ಎದುರಾಗುತ್ತೆ.

ನಮ್ಮ ಕಡೆ ಪೋರ್ಟಲ್ ಅಂದರೆ ಸೇವಾ ಸಿಂಧು, ಹೈಪರ್‌ಟೆನ್ಷನ್ ಅಂದರೆ ಬಿ.ಪಿ. ಎರಡೂ ಸೇರಿದರೆ ಏನೋ ಒಂದು ಬಿ.ಪಿ. ಅಂತ ಮನೆಯವರು ತಿಳ್ಕೋತಾರೆ. ತೋಳಿಗೆ ಪಟ್ಟಿ ಸುತ್ತಿ ನೋಡೋ ಬಿ.ಪಿ.ಗೂ ಇದಕ್ಕೂ ಸಂಬಂಧವೇ ಇಲ್ಲ. ಎಷ್ಟೋ ಜನ ಪೋರ್ಟಲ್ ಹೈಪರ್‌ಟೆನ್ಷನ್ ರೋಗಿಗಳಿಗೆ ಆ ಬಿ.ಪಿ. ಕಮ್ಮಿಯೇ ಇರುತ್ತೆ.

ಭದ್ರಾ ನಾಲೆ ನೀರು ಕಂಡವರಿಗೆ ಇದನ್ನು ವಿವರಿಸೋದು ಸುಲಭ. ಜಠರ, ಕರುಳು, ಸ್ಪ್ಲೀನ್ ಇವುಗಳ ರಕ್ತವೆಲ್ಲ ಒಂದು ದೊಡ್ಡ ನಾಳದಲ್ಲಿ ಸೇರಿ ಲಿವರ್ ಒಳಗೆ ಹೋಗಬೇಕು. ಅದೇ ಪೋರ್ಟಲ್ ವೇನ್. ಲಿವರ್ ಗಟ್ಟಿಯಾದರೆ ತೂಬು ಕಟ್ಟಿಕೊಂಡ ಹಾಗೆ. ನೀರು ಮುಂದೆ ಹೋಗಲ್ಲ, ಹಿಂದಕ್ಕೆ ಒತ್ತುತ್ತೆ, ಉಪನಾಲೆ, ಹೊಲಗಾಲುವೆ ಎಲ್ಲೆಲ್ಲಿ ಸಂದಿ ಇದೆಯೋ ಅಲ್ಲೆಲ್ಲ ನುಗ್ಗುತ್ತೆ. ಅನ್ನನಾಳದ ಕೆಳಭಾಗದಲ್ಲಿರೋ ದಾರದಂಥ ರಕ್ತನಾಳಗಳು ಆ ಭಾರ ಹೊರೋಕೆ ಹುಟ್ಟಿದವಲ್ಲ. ಉಬ್ಬುತ್ತವೆ. ಅದಕ್ಕೆ ವೇರಿಸಸ್ ಅನ್ನೋದು. ಈ ಒತ್ತಡವನ್ನು ಅಳೆಯೋ ಲೆಕ್ಕವೂ ಇದೆ: ಲಿವರ್‌ನ ಆಚೆ ಈಚೆ ಒತ್ತಡದ ಅಂತರ 5 ಮಿಲಿಮೀಟರ್ ಪಾದರಸದವರೆಗೆ ಸಹಜ, 10 ದಾಟಿದರೆ ವೇರಿಸಸ್ ಹುಟ್ಟೋ ಕಾಲ, 12 ದಾಟಿದರೆ ಒಡೆಯೋ ಭಯ. ಸೂಳೆಕೆರೆ ಕೋಡಿ ಬಿದ್ದರೆ ಊರಿಗೂರೇ ಹೋಗಿ ಸೆಲ್ಫಿ ತಗೋತೀವಿ. ಇಲ್ಲಿ ಕೋಡಿ ಬಿದ್ದದ್ದು ಯಾರಿಗೂ ಕಾಣಲ್ಲ. ಕಾಣೋದು ಏರಿ ಒಡೆದ ದಿನ, ಬಕೆಟ್ಟಿನಲ್ಲಿ.

ಈಗ ಅಮೆರಿಕದ ಕಥೆ ಕೇಳಿ. ಒಹಾಯೊದಲ್ಲೋ ಟೆಕ್ಸಾಸ್‌ನಲ್ಲೋ ಒಬ್ಬ ಮುದುಕ ರಕ್ತ ಕಾರಿ ಆಸ್ಪತ್ರೆ ಸೇರಿದ ಅಂತಿಟ್ಕೊಳ್ಳಿ. ಅವನ ಫೈಲು ನನ್ನ ಮುಂದೆ ಬರುತ್ತೆ. ಮೊದಲು ಮೂಲ ಕಾರಣ ಬೇಕು. ಕುಡಿತದಿಂದಾದ ಸಿರೋಸಿಸ್ ಆಗಿದ್ದು ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಕೆ 70.31, ನೀರಿಲ್ಲದಿದ್ದರೆ ಕೆ 70.30. ಆಮೇಲೆ ಪೋರ್ಟಲ್ ಹೈಪರ್‌ಟೆನ್ಷನ್, ಕೆ 76.6. ಆಮೇಲೆ ಅನ್ನನಾಳದ ವೇರಿಸಸ್: ರಕ್ತ ಸೋರಿದ್ದರೆ ಐ 85.11, ಸೋರದೆ ಇದ್ದರೆ ಐ 85.10. ಆ ಸಂಖ್ಯೆಯ ಜೊತೆಯಲ್ಲೇ "ಮೂಲ ಕಾಯಿಲೆಯನ್ನು ಮೊದಲು ಬರೆ" ಅಂತ ಒಂದು ಕಟ್ಟಪ್ಪಣೆ ಇದೆ, ಹಿಂದುಮುಂದು ಮಾಡಿದರೆ ಫೈಲು ವಾಪಸ್ ಬರುತ್ತೆ. ಇದೇ ಒತ್ತಡದಿಂದ ಜಠರದ ಒಳಪದರ ಕೆಟ್ಟಿದ್ದರೆ ಅದಕ್ಕೊಂದು ಸಂಖ್ಯೆ. ಕುಡಿತದ ಚಟ ಇದ್ದರೆ ಎಫ್ 10ರ ಸಾಲಿನಿಂದ ಮತ್ತೊಂದು. ಇಷ್ಟೂ ಒಂದೇ ಮುದುಕನಿಗೆ, ಒಂದೇ ರಾತ್ರಿಗೆ.

ಅದಕ್ಕಿಂತ ಮುಖ್ಯವಾದದ್ದು, ನಾನು ಊಹೆ ಮಾಡೋ ಹಾಗಿಲ್ಲ. ಡಾಕ್ಟರು "ಸಿರೋಸಿಸ್ ಇದೆ, ರಕ್ತ ವಾಂತಿ ಆಗಿದೆ" ಅಂತಷ್ಟೇ ಬರೆದಿದ್ದರೆ, ಅದು ವೇರಿಸಸ್ ಒಡೆದದ್ದೇ ಅಂತ ನನಗೆ ನೂರಕ್ಕೆ ತೊಂಬತ್ತು ಗೊತ್ತಿದ್ದರೂ ಕೋಡ್ ಹಾಕುವಂತಿಲ್ಲ. ಅಲ್ಸರ್‌ನಿಂದಲೂ ಆಗಿರಬಹುದಲ್ಲ? ಡಾಕ್ಟರಿಗೆ ಕ್ವೆರಿ ಕಳಿಸಬೇಕು. ಅದೂ ಉತ್ತರವನ್ನು ನಾನೇ ಬಾಯಿಗೆ ತುರುಕದ ಹಾಗೆ, "ರಕ್ತಸ್ರಾವದ ಮೂಲ ಯಾವುದು, ದಯವಿಟ್ಟು ತಿಳಿಸಿ" ಅಂತ. ಡಾಕ್ಟರು ಎಷ್ಟೇ ದೊಡ್ಡವರಾಗಿರಲಿ, ಉತ್ತರ ಕೊಡಬೇಕು.

ಇದನ್ನು ಓದಿ "ಆಹಾ ಅಮೆರಿಕ" ಅನ್ನಬೇಡಿ. ಇಷ್ಟೆಲ್ಲ ಶ್ರದ್ಧೆ ಮುದುಕನ ಮೇಲಿನ ಪ್ರೀತಿಯಿಂದಲ್ಲ. ಅಲ್ಲಿ ಸರ್ಕಾರ ಮೆಡಿಕೇರ್ ಅಡ್ವಾಂಟೇಜ್ ಕಂಪನಿಗಳಿಗೆ ದುಡ್ಡು ಕೊಡೋದು ರೋಗಿಗೆ ಎಷ್ಟು ಕಾಯಿಲೆ ದಾಖಲಾಗಿದೆ ಅನ್ನೋದರ ಮೇಲೆ. ಕಾಯಿಲೆ ಭಾರವಾದಷ್ಟೂ ಚೆಕ್ಕು ಭಾರ. ಹಾಗಾಗಿ ಹಳೇ ಫೈಲುಗಳನ್ನು ಕೆದಕಿ ಕೆದಕಿ ಕೋಡ್ ಹುಡುಕೋದೇ ಒಂದು ಉದ್ಯಮ. ಇಲ್ಲದ ಕಾಯಿಲೆ ಸೇರಿಸಿ ಸಿಕ್ಕಿಬಿದ್ದು ನ್ಯಾಯಾಂಗ ಇಲಾಖೆಗೆ ಕೋಟಿಗಟ್ಟಲೆ ಡಾಲರ್ ಕಟ್ಟಿದ ಕಂಪನಿಗಳೂ ಇವೆ. ಕೋಡ್ ಅಂದರೆ ದುಡ್ಡು ಅನ್ನೋ ಈ ಭಾವನೆ ನಮ್ಮ ಆಫೀಸುಗಳಲ್ಲೂ ಎಷ್ಟು ಬೇರೂರಿದೆ ಅಂದರೆ, ಈ ಪಟ್ಟಿ ಹುಟ್ಟಿದ್ದೇ ಬೇರೆ ಕೆಲಸಕ್ಕೆ ಅನ್ನೋದು ಹೊಸದಾಗಿ ಸೇರೋ ಹುಡುಗರಿಗೆ ಯಾರೂ ಹೇಳಿಕೊಡಲ್ಲ. ಜಾಕ್ ಬರ್ಟಿಯೋ ಅನ್ನೋ ಫ್ರೆಂಚ್ ಸಂಖ್ಯಾಶಾಸ್ತ್ರಜ್ಞ 1893ರಲ್ಲಿ ಷಿಕಾಗೋದಲ್ಲಿ ಇದರ ಮೊದಲ ರೂಪ ಮಂಡಿಸಿದಾಗ ಅದರ ಹೆಸರೇ ಸಾವಿನ ಕಾರಣಗಳ ಪಟ್ಟಿ. ಜನ ಯಾವುದರಿಂದ ಸಾಯ್ತಿದ್ದಾರೆ ಅಂತ ಎಣಿಸೋಕೆ. ಬಿಲ್ಲು ಆಮೇಲೆ ಬಂತು.

ಇನ್ನು ನಮ್ಮ ಕಡೆಯ ಕಾಗದ. ಊರಿನವರಿಗೆ ನಾನು "ಆಸ್ಪತ್ರೆ ಕಾಗದ ಓದೋ ಹುಡುಗ". ಯಾರಿಗೆ ಏನಾದರೂ ವಾಟ್ಸಾಪಿನಲ್ಲಿ ಫೋಟೋ ಬರುತ್ತೆ. ಕಳೆದ ಐದಾರು ವರ್ಷದಲ್ಲಿ ಇಂಥ ಎಷ್ಟೋ ಕಾಗದ ಓದಿದೀನಿ, ನಾಲ್ಕೂ ತಾಲ್ಲೂಕಿನವು. ಇಲ್ಲಿನವರು ಎಂಡೋಸ್ಕೋಪಿಗೆ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗೋರು. ನ್ಯಾಮತಿಯವರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಶಿವಮೊಗ್ಗವೇ ಹತ್ತಿರ, ಹಾಗಾಗಿ ಒಬ್ಬನೇ ರೋಗಿಯ ಕಾಗದ ಎರಡು ಜಿಲ್ಲೆಯಲ್ಲಿ ಹಂಚಿಹೋಗಿರುತ್ತೆ. ಎರಡನ್ನೂ ಕೂಡಿಸೋದು ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರ್ ಒಂದೇ. ಆ ಕವರಿನ ಒಳಗಿರೋ ಸಾಲು ಸಾಮಾನ್ಯವಾಗಿ ಹೀಗಿರುತ್ತೆ: "ಸಿ.ಎಲ್.ಡಿ. ವಿತ್ ಪಿ.ಎಚ್.ಟಿ., ಯು.ಜಿ.ಐ. ಬ್ಲೀಡ್. ಮ್ಯಾನೇಜ್ಡ್ ಕನ್ಸರ್ವೇಟಿವ್ಲಿ. ಸ್ಟೇಬಲ್. ರಿವ್ಯೂ ಎಸ್.ಒ.ಎಸ್."

ಬಿಡಿಸಿ ಹೇಳ್ತೀನಿ. ತುಂಬಾ ದಿನದ ಲಿವರ್ ಕಾಯಿಲೆ, ಯಾವುದರಿಂದ ಅಂತ ಗೊತ್ತಿಲ್ಲ. ಪೋರ್ಟಲ್ ಒತ್ತಡ ಜಾಸ್ತಿ. ಮೇಲಿನ ಹೊಟ್ಟೆಯಲ್ಲೆಲ್ಲೋ ರಕ್ತ ಸೋರಿತ್ತು, ಎಲ್ಲಿಂದ ಅಂತ ಗೊತ್ತಿಲ್ಲ. ಏನೋ ಮಾಡಿದೆವು. ಈಗ ಚೆನ್ನಾಗಿದಾನೆ. ಬೇಕಾದ್ರೆ ಬರಲಿ.

ಬೇಕಾದ್ರೆ ಬರಲಿ! ವೇರಿಸಸ್ ಒಡೆದವರಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು ಜನ ಆರು ವಾರದೊಳಗೆ ಸಾಯ್ತಾರೆ. ಬದುಕಿದವರಿಗೆ ಮುಂದಿನ ಚಿಕಿತ್ಸೆ ಸಿಗದಿದ್ದರೆ ಒಂದೆರಡು ವರ್ಷದೊಳಗೆ ನೂರಕ್ಕೆ ಅರವತ್ತು ಜನರಿಗೆ ಮತ್ತೆ ಒಡೆಯುತ್ತೆ. ಇದೇನೂ ಗುಟ್ಟಲ್ಲ, ಎಂ.ಬಿ.ಬಿ.ಎಸ್. ಪುಸ್ತಕದಲ್ಲೇ ಇದೆ. ತಡೆಯೋ ದಾರಿಯೂ ಇದೆ. ಎಂಡೋಸ್ಕೋಪಿಯಲ್ಲಿ ಆ ಉಬ್ಬಿದ ನಾಳಗಳಿಗೆ ರಬ್ಬರ್ ಬ್ಯಾಂಡ್ ಬಿಗಿಯೋದು, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಅವು ಪೂರ್ತಿ ಮುಚ್ಚಿಹೋಗೋವರೆಗೆ. ಜೊತೆಗೆ ಪ್ರೊಪ್ರನಲಾಲ್ ಅಥವಾ ಕಾರ್ವೆಡಿಲಾಲ್, ಎರಡೂ ಅಗ್ಗದ ಮಾತ್ರೆ. ಅಂದರೆ ಡಿಸ್ಚಾರ್ಜ್ ದಿನ ಆ ಮನುಷ್ಯನ ಜೀವ ನಿಂತಿರೋದು ಮುಂದಿನ ಬ್ಯಾಂಡಿಂಗ್ ಯಾವ ತಾರೀಖು ಅನ್ನೋ ಒಂದೇ ಸಾಲಿನ ಮೇಲೆ. ಆ ಸಾಲಿನ ಜಾಗದಲ್ಲಿ ಎಸ್.ಒ.ಎಸ್. ಕೂತಿದೆ.

ಕಾರಣ ಬರೆಯದೇ ಇರೋದರಿಂದ ಏನು ನಷ್ಟ ಅಂತ ಕೇಳಬಹುದು. ಲಿವರ್ ಹೆಪಟೈಟಿಸ್ ಬಿ ಅಥವಾ ಸಿ ವೈರಸ್‌ನಿಂದ ಕೆಟ್ಟಿದ್ದರೆ ಔಷಧಿ ಪುಕ್ಕಟೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡಕ್ಕೂ ದುಡ್ಡಿಲ್ಲ. ಹೆಪಟೈಟಿಸ್ ಬಿ ಅಂತ ತಿಳಿದರೆ ಹೆಂಡತಿ ಮಕ್ಕಳಿಗೆ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಬಹುದು. ಸಿ.ಎಲ್.ಡಿ. ಅಂತ ಬರೆದ ಕಾಗದ ಹಿಡಿದು ಹೋದವನಿಗೆ ಇದ್ಯಾವುದೂ ಇಲ್ಲ. ಅವನಿಗೆ ಸಿಗೋದು "ಕುಡಿಯೋದು ಬಿಡಪ್ಪ" ಅನ್ನೋ ಬುದ್ಧಿವಾದ, ಕುಡಿಯದೆ ಇದ್ದರೂ.

ಕುಡಿತದ ವಿಷಯಕ್ಕೇ ಬರೋಣ, ಯಾಕಂದರೆ ಈ ಕಾಗದಗಳ ಅರ್ಧ ಗೋಜಲು ಇಲ್ಲೇ ಇದೆ. ಐಆರ್‌ಡಿಎಐ ಎಲ್ಲ ಆರೋಗ್ಯ ವಿಮೆ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಬರೆದುಕೊಟ್ಟ ಷರತ್ತುಗಳಿವೆ, ಯಾವುದಕ್ಕೆ ದುಡ್ಡು ಕೊಡಬೇಕಿಲ್ಲ ಅಂತ. ಅದರಲ್ಲಿ 12ನೆಯದು ಕುಡಿತ, ಮಾದಕ ವಸ್ತು ಅಥವಾ ಬೇರೆ ಚಟದ ಚಿಕಿತ್ಸೆ, ಮತ್ತು ಅದರ ಪರಿಣಾಮಗಳು. ಈ "ಪರಿಣಾಮಗಳು" ಅನ್ನೋ ಒಂದು ಪದಕ್ಕೆ ಹೆದರಿ ಡಾಕ್ಟರುಗಳು ಎರಡು ರೀತಿ ಬರೀತಾರೆ. ಒಬ್ಬರು ಕರುಣಾಮಯಿ. "ಪಾಪ, ಕುಡಿತ ಅಂತ ಬರೆದ್ರೆ ಕ್ಲೈಮ್ ಆಗಲ್ಲ" ಅಂತ ಕಾರಣದ ಕಾಲಂ ಖಾಲಿ ಬಿಡ್ತಾರೆ. ಇನ್ನೊಬ್ಬರು ಅಭ್ಯಾಸಬಲದವರು. ಲಿವರ್ ಕೇಸ್ ಅಂದ ತಕ್ಷಣ ಹಳೇ ಟೆಂಪ್ಲೇಟ್ ತೆಗೆದು "ಕ್ರಾನಿಕ್ ಆಲ್ಕೋಹಾಲಿಕ್" ಅಂತ ಅಂಟಿಸ್ತಾರೆ. ಮೊದಲನೆಯವರನ್ನು ಜನ ದೇವರು ಅಂತಾರೆ. ನನ್ನ ಪ್ರಕಾರ ಇಬ್ಬರೂ ಒಂದೇ ತಪ್ಪು ಮಾಡ್ತಿದ್ದಾರೆ: ರೋಗಿಯನ್ನು ಕೇಳಿ, ಪರೀಕ್ಷಿಸಿ, ತಿಳಿದದ್ದನ್ನು ಬರೆಯೋದು ಬಿಟ್ಟು ಬೇರೆ ಏನನ್ನೋ ಬರೀತಿದ್ದಾರೆ.

ಜಗಳೂರಿನ ಹತ್ತಿರದ ಹಳ್ಳಿಗೆ ಕೊಟ್ಟ ನನ್ನ ಚಿಕ್ಕಮ್ಮನಿಗೆ ಆದದ್ದು ಎರಡನೆಯದು. ನಲವತ್ತಾರು ವರ್ಷ. ಹೆಂಡದ ವಾಸನೆ ಬಂದರೆ ಮೂಗು ಮುಚ್ಚೋ ಹೆಂಗಸು. ಒಂದು ರಾತ್ರಿ ರಕ್ತ ಕಾರಿದರು. ಆಸ್ಪತ್ರೆಗೆ ಸೇರಿಸಿ, ಬ್ಯಾಂಡ್ ಹಾಕಿ, ಉಳಿಸಿದರು. ಉಳಿಸಿದ್ದಕ್ಕೆ ಕೈ ಮುಗಿಯೋಣ. ಆದರೆ ಸಮ್ಮರಿಯಲ್ಲಿ "ಕ್ರಾನಿಕ್ ಆಲ್ಕೋಹಾಲಿಕ್, ಸಿರೋಸಿಸ್". ಪಕ್ಕದ ಬೆಡ್ಡಿನವನ ಸಮ್ಮರಿಯಿಂದ ಕಾಪಿ ಆದದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ, ಯಾಕಂದರೆ ಅದೇ ಪ್ಯಾರಾದ ಕೊನೇಲಿ "ಹಿ ವಾಸ್ ಅಡ್ವೈಸ್ಡ್" ಅಂತ ಇತ್ತು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಅಮ್ಮನ್ನ ಸೇರಿಸಿದ್ದ. ಕ್ಲೈಮ್ ರಿಜೆಕ್ಟ್, 12ನೇ ಷರತ್ತಿನಡಿ. ಚಿಕ್ಕಮ್ಮನಿಗೆ ದುಡ್ಡು ಹೋದದ್ದಕ್ಕಿಂತ ಆ ಪದದ್ದೇ ಸಂಕಟ. "ನಾನು ಕುಡೀತೀನಿ ಅಂತ ಬರೆದವರೆ, ಅದನ್ನ ನೀವೆಲ್ಲ ಓದಿದೀರ" ಅಂತ ಮೂರು ದಿನ ಊಟ ಬಿಟ್ಟರು.

ಆ ಕಾಗದದಲ್ಲಿ ಒಳಗೆ ಹೋದಷ್ಟೂ ವಿಚಿತ್ರ. ಅಲ್ಟ್ರಾಸೌಂಡ್‌ನಲ್ಲಿ ಸ್ಪ್ಲೀನ್ ಹದಿನೇಳು ಸೆಂಟಿಮೀಟರ್, ಪ್ಲೇಟ್‌ಲೆಟ್ ಅರವತ್ತು ಸಾವಿರ. ಆದರೆ ಲಿವರ್ ಪರೀಕ್ಷೆಯ ಅಂಕಿಗಳೆಲ್ಲ ಸರಿಯಾಗೇ ಇವೆ. ಕುಡಿದು ಸಿರೋಸಿಸ್ ಆಗಿ ರಕ್ತ ಕಾರೋ ಹಂತಕ್ಕೆ ಬಂದವರ ಅಂಕಿಗಳು ಸಾಮಾನ್ಯವಾಗಿ ಹೀಗಿರಲ್ಲ. ಬೆಂಗಳೂರಿಗೆ ಕರೆತಂದು ಲಿವರ್ ತಜ್ಞರಿಗೆ ತೋರಿಸಿದೆವು. ಡಾಪ್ಲರ್ ಆಯ್ತು, ಬಯಾಪ್ಸಿ ಆಯ್ತು. ಸಿರೋಸಿಸ್ಸೇ ಅಲ್ಲ. ನಾನ್ ಸಿರೋಟಿಕ್ ಪೋರ್ಟಲ್ ಫೈಬ್ರೋಸಿಸ್, ಎನ್.ಸಿ.ಪಿ.ಎಫ್. ಲಿವರ್ ಒಳಗಿನ ಸಣ್ಣ ಪೋರ್ಟಲ್ ನಾಳಗಳು ಮಾತ್ರ ಗಟ್ಟಿಯಾಗೋದು, ಲಿವರ್ ತನ್ನ ಪಾಡಿಗೆ ಕೆಲಸ ಮಾಡ್ತಾನೇ ಇರುತ್ತೆ. ನಾಲೆಯ ಬಾಯಲ್ಲಿ ಕಸ, ಹೊಲ ಹಸಿರಾಗೇ ಇದೆ. ರಕ್ತಸ್ರಾವ ತಡೆದರೆ ಇವರು ಬಹಳ ವರ್ಷ ಚೆನ್ನಾಗಿ ಬದುಕುತ್ತಾರೆ. ಸಿರೋಸಿಸ್ ಅಂತ ಬರೆದವರು ಆ ಆಸೆಯನ್ನೂ ಕಾಗದದಿಂದ ಅಳಿಸಿಬಿಟ್ಟಿದ್ದರು.

ಇದು ನಮ್ಮದೇ ಕಾಯಿಲೆ ಕಣ್ರೀ. ಭಾರತದಲ್ಲಿ, ಅದರಲ್ಲೂ ಬಡ ಹಳ್ಳಿಗಾಡಿನಲ್ಲಿ ಹೆಚ್ಚು. ಎನ್.ಸಿ.ಪಿ.ಎಫ್. ಅನ್ನೋ ಹೆಸರು ಇಟ್ಟದ್ದೂ ನಮ್ಮ ಐಸಿಎಂಆರ್, 1969ರಲ್ಲಿ. ಜಪಾನಿನವರು ಇದನ್ನು ಬೇರೆ ಹೆಸರಿನಿಂದ ಕರೆದರು, ಅಮೆರಿಕದವರು ಇನ್ನೊಂದು, ಈಚೆಗೆ ಯುರೋಪಿನವರು ಮತ್ತೊಂದು. ಮಕ್ಕಳಲ್ಲಿ ಪೋರ್ಟಲ್ ನಾಳವೇ ಮುಚ್ಚಿಹೋಗೋ ಇದರ ದಾಯಾದಿ ಕಾಯಿಲೆ ಒಂದಿದೆ, ಅದೂ ನಮ್ಮಲ್ಲಿ ಅಪರೂಪವಲ್ಲ. ಆದರೆ ಐಸಿಡಿ-10 ಅನ್ನೋ ವಿಶ್ವದ ದೊಡ್ಡ ಪಟ್ಟಿಯ ಮೂಲ ಪುಸ್ತಕದಲ್ಲಿ ಎನ್.ಸಿ.ಪಿ.ಎಫ್.ಗೆ ಸ್ವಂತ ಮನೆ ಇಲ್ಲ, ಕೆ 76.6ರಲ್ಲಿ ಬಾಡಿಗೆಗಿದೆ. ಹಾಗಾಗಿ ಇಲ್ಲಿ ಡಾಕ್ಟರು ಬಿಡಿಸಿ ಬರೆದರೆ ಮಾತ್ರ ಅದು ಇದೆ ಅಂತ ಲೆಕ್ಕ. ಬರೆಯದಿದ್ದರೆ ಅದೂ ಲಿವರ್ ಪ್ರಾಬ್ಲಮ್ಮೇ.

ತಜ್ಞರ ಪತ್ರ, ಬಯಾಪ್ಸಿ ವರದಿ, ಆಸ್ಪತ್ರೆಯಿಂದ ತಿದ್ದಿಸಿದ ಸಮ್ಮರಿ ಇಷ್ಟನ್ನೂ ಕಳಿಸಿದ ಮೇಲೆ ಕ್ಲೈಮ್ ಆಯ್ತು, ಒಂಬುಡ್ಸ್‌ಮನ್‌ವರೆಗೆ ಹೋಗಬೇಕಾಗಲಿಲ್ಲ. ಅದಕ್ಕೆ ಹಿಡಿದದ್ದು ಐದು ತಿಂಗಳು. ಮನೆಯಲ್ಲಿ ಕಾಗದ ಓದೋನು ಒಬ್ಬ ಇದ್ದ ಅಂತ. ಇಲ್ಲದ ಮನೆಗಳಲ್ಲಿ ಏನಾಗುತ್ತೆ ಅಂತ ನನ್ನ ವಾಟ್ಸಾಪ್ ಗ್ಯಾಲರಿ ಹೇಳುತ್ತೆ.

ಇನ್ನು ಕರುಣಾಮಯಿಗಳ ಖಾಲಿ ಕಾಲಂ. ಹೊನ್ನಾಳಿ ಕಡೆ 2007ರ ಜುಲೈವರೆಗೆ ಪಾಕೀಟು ಸಾರಾಯಿ, ಅದು ನಿಷೇಧವಾದ ಮೇಲೆ ಟೆಟ್ರಾ ಪ್ಯಾಕಿನ ನೈಂಟಿ. ಕೂಲಿ ಮುಗಿಸಿ ಬಂದವನ ಕೈಗೆ ಗೂಡಂಗಡಿಯಲ್ಲೇ ಸಿಗುತ್ತೆ, ಅಡಿಕೆ ಕೊಯ್ಲಿನ ಕಾಲದಲ್ಲಿ ಚನ್ನಗಿರಿ ಸೀಮೆಯಲ್ಲಿ ಇನ್ನೂ ಜೋರು. ಹೀಗೆ ಹೋಗೋ ಪ್ರತಿ ಪೆಟ್ಟಿಗೆಯ ಲೆಕ್ಕ ರಾಜ್ಯ ಪಾನೀಯ ನಿಗಮದ ಹತ್ತಿರ ಇದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟಿದ್ದಾರೆ. ಒಳಗೆ ಹೋದ ಹನಿ ಹನಿಗೂ ಲೆಕ್ಕ ಇಡೋ ಸರ್ಕಾರಕ್ಕೆ ಹೊರಗೆ ಬಂದ ರಕ್ತದ ಲೆಕ್ಕ ಕೊಡಬೇಕಾದದ್ದು ಆ ಕಾಲಂ. ಅದನ್ನು ಪಾಪ ಅಂತ ಖಾಲಿ ಬಿಟ್ಟರೆ ಲಾಭ ಯಾರಿಗೆ? ರೋಗಿಗಂತೂ ಅಲ್ಲ. ಹಳ್ಳಿಯ ಬಿಪಿಎಲ್ ಕಾರ್ಡಿನವನಿಗೆ ಖಾಸಗಿ ವಿಮೆಯೇ ಇಲ್ಲ, ಅವನ ಹೆಸರಿನಲ್ಲಿ ಕರುಣೆ ತೋರಿಸೋದಕ್ಕೆ ಕಾರಣವೂ ಇಲ್ಲ.

ಅವನಿಗಿರೋದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಅದರಲ್ಲೂ ಕೋಡ್ ಇದೆ, ಆದರೆ ಅದು ಪ್ಯಾಕೇಜಿನ ಕೋಡು: 2ಎ, 2ಬಿ, 3ಎ, 4ಎ. ಏನು ಮಾಡಿದರು ಅಂತ ಹೇಳುತ್ತೆ, ಯಾಕೆ ಮಾಡಿದರು ಅಂತ ಹೇಳಲ್ಲ. ತುರ್ತು ಚಿಕಿತ್ಸೆಯ 4ಎಗೆ ರೆಫರಲ್ ಬೇಡ. ದೊಡ್ಡ ಚಿಕಿತ್ಸೆಗಳನ್ನು ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸೋಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿ ಬರೆಯೋ ಡಾಕ್ಟರು ನೋಡೋದು ಅದೇ ಸಿ.ಎಲ್.ಡಿ. ಸಮ್ಮರಿಯನ್ನು. ನಾನು ನೋಡಿದ ಒಂದು ಚೀಟಿಯಲ್ಲಿ "ಗ್ಯಾಸ್ಟ್ರೈಟಿಸ್" ಅಂತ ಇತ್ತು. ಎರಡನೇ ಬ್ಯಾಂಡಿಂಗ್‌ಗೆ ಹೋಗಬೇಕಾದವನು ಗ್ಯಾಸಿನ ಮಾತ್ರೆ ತಗೊಂಡು ನ್ಯಾಮತಿಗೆ ವಾಪಸ್ ಬಂದ. ಮತ್ತೆ ರಕ್ತ ಕಾರಿದ್ದು ಒಂದು ತಿಂಗಳೊಳಗೆ. ಮೂವತ್ತೆಂಟು ವರ್ಷ, ಎರಡು ಹೆಣ್ಣುಮಕ್ಕಳು.

ಸತ್ತ ಮೇಲೂ ಬಿಡುಗಡೆ ಇಲ್ಲ. ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಆಸ್ಪತ್ರೆಯಲ್ಲಿ ಸತ್ತವರಿಗೆ ನಮೂನೆ 4, ಹೊರಗೆ ಸತ್ತವರಿಗೆ 4ಎ. ಅದರಲ್ಲಿ ಮೂರು ಗೆರೆ ಇರುತ್ತೆ: ತಕ್ಷಣದ ಕಾರಣ, ಅದಕ್ಕೆ ಕಾರಣ, ಎಲ್ಲದಕ್ಕೂ ಮೂಲ ಕಾರಣ. ಹೃದಯ ನಿಂತದ್ದು ಗಿಂತದ್ದನ್ನೆಲ್ಲ ಸಾವಿನ ಕಾರಣ ಅಂತ ಬರೆಯಬೇಡಿ ಅಂತ ಆ ನಮೂನೆಯಲ್ಲೇ ಅಚ್ಚು ಹಾಕಿದ್ದಾರೆ. ಆದರೂ "ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್" ಅಂತ ಬರೆದು ಸಹಿ ಹಾಕೋದು ನಿಂತಿಲ್ಲ. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ ಸ್ವಾಮಿ? 2020ರಲ್ಲಿ ದೇಶದಲ್ಲಿ ನೋಂದಾದ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದೇ ನೂರಕ್ಕೆ 22.5. ಆ 22.5ರಲ್ಲಿ ಎಷ್ಟು ಜನರ ಲಿವರ್ ಈ ರೀತಿ ಹೃದಯದ ಖಾತೆಗೆ ಜಮೆ ಆಯ್ತೋ. ಜಿಲ್ಲೆಗೆ ಲಿವರ್ ತಜ್ಞರ ಹುದ್ದೆ ಬೇಕು, ತಾಲ್ಲೂಕು ಆಸ್ಪತ್ರೆಗೆ ಎಂಡೋಸ್ಕೋಪಿ ಬೇಕು ಅಂತ ಯಾರಾದರೂ ಶಾಸಕರ ಮನೆ ಬಾಗಿಲಿಗೆ ಹೋದರೆ, "ಎಷ್ಟು ಜನ ಸತ್ತಿದ್ದಾರೆ ತೋರಿಸಿ" ಅಂದಾಗ ತೋರಿಸೋಕೆ ಏನಿದೆ? ನಾಲ್ಕು ತಾಲ್ಲೂಕಿನ ತಿಥಿ ಊಟಗಳ ಮಾತು ಅಷ್ಟೆ.

ಇದನ್ನೆಲ್ಲ ಬೆಂಗಳೂರಿನ ನಿಮಗೆ ಯಾಕೆ ಹೇಳ್ತಿದೀನಿ? ಎರಡು ಕಾರಣಕ್ಕೆ. ಒಂದು, ಊರಿನ ಅಪ್ಪ ಅಮ್ಮ ಇರೋದು ನಿಮ್ಮ ಪಾಲಿಸಿಯಲ್ಲಿ. ಆಸ್ಪತ್ರೆಯವರು ಸಮ್ಮರಿ ಕೈಗಿಟ್ಟಾಗ ಬಿಲ್ಲಿನ ಮೊತ್ತ ನೋಡಿ ಜಿಪೇ ಮಾಡಿ ಓಡಿ ಬರೋರು ನೀವೇ. ಓದಿ. ಕಾಯಿಲೆಗೆ ಕಾರಣ ಯಾವುದು, ರಕ್ತ ಎಲ್ಲಿಂದ ಸೋರಿತು, ಎಂಡೋಸ್ಕೋಪಿಯಲ್ಲಿ ಏನು ಕಂಡರು, ಎಷ್ಟು ಬ್ಯಾಂಡ್ ಹಾಕಿದರು, ಮುಂದಿನದು ಯಾವ ದಿನ ಅನ್ನೋದು ಅದರಲ್ಲಿ ಇಲ್ಲದಿದ್ದರೆ ಕೌಂಟರ್ ಬಿಟ್ಟು ಕದಲಬೇಡಿ. ಅಮೆರಿಕದ ಮುದುಕನ ಪರವಾಗಿ ನಾನು ಕಳಿಸೋ ಕ್ವೆರಿಯನ್ನು ನಿಮ್ಮ ಅಮ್ಮನ ಪರವಾಗಿ ನೀವು ಬಾಯಲ್ಲಿ ಕೇಳಬೇಕು, ಅಷ್ಟೆ ವ್ಯತ್ಯಾಸ. ಕೇಸ್ ಶೀಟಿನ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ವೃತ್ತಿ ನಿಯಮಾವಳಿ 2002ರಿಂದಲೇ ಹೇಳುತ್ತೆ. ಸಾವಿನ ಕಾರಣದ ಪ್ರಮಾಣಪತ್ರದ ಒಂದು ಪ್ರತಿ ಹತ್ತಿರದ ಸಂಬಂಧಿಗೆ ಕೊಡಬೇಕು ಅಂತ 2023ರ ತಿದ್ದುಪಡಿ ಹೇಳುತ್ತೆ. ಕೇಳೋದು ಜಗಳ ಅಲ್ಲ.

ಎರಡನೇ ಕಾರಣ ನಿಮ್ಮದೇ ಲಿವರ್. ದಿನಕ್ಕೆ ಹತ್ತು ಗಂಟೆ ಕುರ್ಚಿ, ರಾತ್ರಿ ಹನ್ನೊಂದಕ್ಕೆ ಬಿರಿಯಾನಿ, ಮೂವತ್ತಕ್ಕೇ ಶುಗರ್. ವರ್ಷದ ಹೆಲ್ತ್ ಚೆಕಪ್ಪಿನಲ್ಲಿ "ಫ್ಯಾಟಿ ಲಿವರ್ ಗ್ರೇಡ್ 1" ಅಂತ ಬಂದದ್ದನ್ನ ಟೀಮ್ ಗ್ರೂಪಿನಲ್ಲಿ ಜೋಕ್ ಮಾಡಿದೀರಿ. ಒಂದು ಹನಿ ಕುಡಿಯದವರ ಫ್ಯಾಟಿ ಲಿವರ್ರೂ ಕೆಲವರಲ್ಲಿ ಸಿರೋಸಿಸ್ ಆಗಿ ಇದೇ ಪೋರ್ಟಲ್ ಹೈಪರ್‌ಟೆನ್ಷನ್ನಿಗೆ ಬಂದು ನಿಲ್ಲುತ್ತೆ. ಕೇಂದ್ರ ಸರ್ಕಾರ 2021ರಲ್ಲೇ ಇದನ್ನು ಸಕ್ಕರೆ ಕಾಯಿಲೆ, ಬಿ.ಪಿ. ಇರೋ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಇಪ್ಪತ್ತು ವರ್ಷದ ಮೇಲೆ ನಿಮ್ಮ ಸಮ್ಮರಿಯನ್ನು ಯಾರೋ ಒಬ್ಬರು ಪಕ್ಕದ ಬೆಡ್ಡಿನಿಂದ ಕಾಪಿ ಮಾಡ್ತಿರ್ತಾರೆ.

ಆಧಾರ್, ಪ್ಯಾನ್ ಜೊತೆಗೆ ಈಗ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಬಂದಿದೆ, 2021ರ ಸೆಪ್ಟೆಂಬರಿನಿಂದ ದೇಶಪೂರ್ತಿ. ಓಪಿಡಿ ಚೀಟಿಗೆ ಕ್ಯೂಆರ್ ಸ್ಕ್ಯಾನ್ ಮಾಡಿ ಒಳಗೆ ಹೋಗೋದು ಸುಲಭವಾಯ್ತು, ಒಳ್ಳೇದೇ. ಆದರೆ ರೋಗಿಗೆ ಹದಿನಾಲ್ಕು ಅಂಕಿ ಕೊಟ್ಟು ರೋಗಕ್ಕೆ ಒಂದೂ ಕೊಡದಿದ್ದರೆ, ಆ ಡಿಜಿಟಲ್ ಲಾಕರ್ ಒಳಗೆ ಸಿಗೋದು ಜವಳಿ ಅಂಗಡಿ ಕವರಿನ ಸ್ಕ್ಯಾನ್ ಮಾಡಿದ ಪ್ರತಿ.

ಇದಕ್ಕೆ ಡಾಕ್ಟರುಗಳು ಹೇಳೋ ಎರಡು ಮಾತು ನನಗೆ ಗೊತ್ತು. ಮೊದಲನೇದು, ಕೋಡಿಂಗ್ ಬಿಗಿ ಮಾಡಿದರೆ ಅಮೆರಿಕದ ಹಾಗೆ ಇಲ್ಲದ ಕಾಯಿಲೆ ಬರೆದು ದುಡ್ಡು ಹೊಡೀತಾರೆ ಅನ್ನೋದು. ನಿಜ, ಹೊಡೆಯೋರು ಹೊಡೀತಾರೆ. ಆದರೆ ಅಲ್ಲಿ ಕಳ್ಳತನ ಸಿಕ್ಕಿಬಿದ್ದದ್ದು ಹೇಗೆ? ಎಂಡೋಸ್ಕೋಪಿ ವರದಿಯಲ್ಲಿ ಇಲ್ಲದ್ದು ಬಿಲ್ಲಿನಲ್ಲಿ ಇತ್ತು ಅಂತ ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿದ್ದಕ್ಕೆ. ನಮ್ಮಲ್ಲಿ ಪಕ್ಕದಲ್ಲಿಡೋಕೆ ಎರಡನೇ ಕಾಗದವೇ ಇಲ್ಲ. ಕೋಡ್ ಹಾಕೋನಿಗೆ ದುಡ್ಡಿನ ಗುರಿ ಕೊಡಬೇಡಿ, ಬರೆಯೋನಿಗೆ ಕಾರಣ ಬರೆಯೋ ಹೊಣೆ ಕೊಡಿ. ಅವೆರಡೂ ಬೇರೆ ಬೇರೆ.

ಎರಡನೇದು ಟೈಮ್ ಇಲ್ಲ ಅನ್ನೋದು. ಇದಕ್ಕೆ ನನ್ನ ಮನಸ್ಸು ಮೆತ್ತಗಾಗುತ್ತೆ. ಒಂದು ಓಪಿಡಿಯಲ್ಲಿ ನೂರು ಜನ, ರಾತ್ರಿ ಡ್ಯೂಟಿಗೆ ಒಬ್ಬನೇ ಹೌಸ್ ಸರ್ಜನ್, ಸಮ್ಮರಿ ಬರೆಯೋದೂ ಅವನೇ. ದಾವಣಗೆರೆಯಲ್ಲಿ ಪಿ.ಜಿ. ಮಾಡ್ತಿರೋ ನನ್ನ ಹಳೇ ರೂಮ್‌ಮೇಟ್ ಒಬ್ಬ ಈ ವಿಷಯಕ್ಕೆ ನನ್ನ ಮೇಲೆ ರೇಗಿದ. "ನೀನು ಏಸಿಯಲ್ಲಿ ಕೂತು ಹೇಳ್ತೀಯ. ಏನು ಬರೀಬೇಕು ಅಂತ ಒಂದು ಸಾಲು ಬರೆದು ಕಳಿಸು ನೋಡೋಣ."

ಕಳಿಸಿದೆ. "ಹೆಪಟೈಟಿಸ್ ಬಿಯಿಂದ ಸಿರೋಸಿಸ್, ಹೊಟ್ಟೆಯಲ್ಲಿ ನೀರಿಲ್ಲ, ಪೋರ್ಟಲ್ ಹೈಪರ್‌ಟೆನ್ಷನ್, ಅನ್ನನಾಳದ ವೇರಿಸಸ್‌ನಿಂದ ರಕ್ತಸ್ರಾವ, ನಾಲ್ಕು ಬ್ಯಾಂಡ್ ಹಾಕಿದೆ, ಕಾರ್ವೆಡಿಲಾಲ್ ಶುರು, ಮುಂದಿನ ಬ್ಯಾಂಡಿಂಗ್ ಮೂರು ವಾರಕ್ಕೆ, ತಾರೀಖು ಇಂಥದ್ದು, ಮನೆಯವರಿಗೆ ಹೆಪಟೈಟಿಸ್ ಬಿ ಪರೀಕ್ಷೆ ಹೇಳಿದೆ."

ಎರಡು ನೀಲಿ ಗೆರೆ ಬಂತು. ಸ್ವಲ್ಪ ಹೊತ್ತಾದ ಮೇಲೆ ಉತ್ತರ: "ಇದನ್ನ ಕಂಪ್ಯೂಟರಿಗೆ ಯಾರೋ ಟೈಪ್ ಮಾಡೋರು?" ನನ್ನ ಫೋನಿನಲ್ಲಿ, ಕನ್ನಡ ಕೀಬೋರ್ಡಿನಲ್ಲಿ, ಮೆಟ್ರೋದಲ್ಲಿ ನಿಂತ್ಕೊಂಡು ಅದನ್ನು ಟೈಪ್ ಮಾಡೋಕೆ ಹಿಡಿದದ್ದು ಎರಡು ಸ್ಟೇಷನ್ನು.